ಹೊಸ ವರ್ಷಕ್ಕೆ ಬೈಕಿಗೆ ಏನು ಹಾಕಿಸಬೇಕು? ಕಲಬುರಗಿಯ ರಸ್ತೆ ಹೇಳುವ ಲೆಕ್ಕ

ತೊಗರಿ ರಾಶಿಯಾಗಿ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಕಲಬುರಗಿಯ ಬೈಕ್ ಅಲಂಕಾರದ ಅಂಗಡಿಗಳಿಗೂ ಸುಗ್ಗಿ. ಹೊಲದ ದುಡ್ಡು ಕೈಸೇರಿದ ಮನೆಯ ಹುಡುಗರು, ಹೊಸದಾಗಿ ಕೆಲಸ ಹಿಡಿದವರು, ವಾರದ ಕೊನೆಯಲ್ಲಿ ಬೀದರ್ ಕೋಟೆಗೋ ಚಂದ್ರಂಪಳ್ಳಿ ಅಣೆಕಟ್ಟೆಗೋ ಗುಂಪು ಕಟ್ಟಿಕೊಂಡು ಹೋಗುವವರು, ಎಲ್ಲರ ಮೊಬೈಲಿನಲ್ಲೂ ಒಂದು ಪಟ್ಟಿ ಇರುತ್ತದೆ. ಫಾಗ್ ಲ್ಯಾಂಪ್, ಅಗಲದ ಟೈರ್, ಬೇರೆ ಸೈಲೆನ್ಸರ್, ಲೆಗ್ ಗಾರ್ಡ್, ಟಾಪ್ ಬಾಕ್ಸ್, ಜಾಕೆಟ್. 2026ರ ಪಟ್ಟಿ ಹಿಂದಿನ ವರ್ಷಗಳಿಗಿಂತ ಉದ್ದವಾಗಿರುವುದಕ್ಕೆ ಕಾರಣವೂ ಇದೆ. ತೆರಿಗೆ ಇಳಿದಿದೆ, ಜೋರಾಗಿ ಬ್ರೇಕ್ ಹಿಡಿದಾಗ ಗಾಲಿ ತಿರುಗದೆ ಜಾರುವುದನ್ನು ತಪ್ಪಿಸುವ ಎಬಿಎಸ್ ಕಡ್ಡಾಯವಾಗುತ್ತದೆ ಎಂಬ ಮಾತು ಹಬ್ಬಿದೆ, ಪೆಟ್ರೋಲಿನ ಗುಣವೇ ಬದಲಾಗಿದೆ.

ಮೊದಲು ತೆರಿಗೆಯ ವಿಷಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರದ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. 350 ಸಿಸಿ ದಾಟಿದ ಬೈಕುಗಳಿಗೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಯಿತು. ತೆರಿಗೆಗೆ ಮುನ್ನ ಒಂದು ಲಕ್ಷ ರೂಪಾಯಿ ಬೆಲೆಯ ಸಣ್ಣ ಬೈಕಿನ ಮೇಲೆ ಹತ್ತು ಸಾವಿರ ಉಳಿಯುತ್ತದೆ. ಅದೇ ಬೆಲೆಯ ಆಧಾರದಲ್ಲಿ ದೊಡ್ಡ ಬೈಕಿಗೆ ಲಕ್ಷಕ್ಕೆ ಒಂಬತ್ತು ಸಾವಿರ ಹೆಚ್ಚು ತೆರಬೇಕು. ಹೀಗಾಗಿ ದೊಡ್ಡ ಎಂಜಿನ್ನಿನ ಆಸೆ ಬಿಟ್ಟು ಇರುವ ಬೈಕನ್ನೇ ಸಜ್ಜು ಮಾಡಿಕೊಳ್ಳೋಣ ಎನ್ನುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಅವರಿಗೆ ಅನುಕೂಲವಾದ ಮತ್ತೊಂದು ಬದಲಾವಣೆಯೂ ಆಗಿದೆ. ವಾಹನಗಳ ಬಿಡಿಭಾಗಗಳು ಮತ್ತು ಟೈರು ಕೂಡ ಶೇ 28ರಿಂದ ಶೇ 18ಕ್ಕೆ ಬಂದಿವೆ. ಮೊದಲು 2,560 ರೂಪಾಯಿಗೆ ಬರುತ್ತಿದ್ದ ಟೈರ್ ಈಗ 2,360ಕ್ಕೆ ಸಿಗಬೇಕು. ಅಂಗಡಿಯವರು ಹಳೆಯ ದರವನ್ನೇ ಹೇಳಿದರೆ ಬಿಲ್ ಕೇಳಿ, ತೆರಿಗೆಯ ಸಾಲು ನೋಡಿ. ಹೆಲ್ಮೆಟ್ ಮೊದಲೇ ಶೇ 18ರಲ್ಲಿತ್ತು, ಅದರಲ್ಲಿ ಇಳಿಕೆ ಇಲ್ಲ.

ಉಳಿದ ಈ ಹಣವನ್ನು ಎಲ್ಲಿ ಸುರಿಯಬೇಕು ಎಂಬುದೇ ಈ ಲೇಖನದ ಪ್ರಶ್ನೆ. ಹೆಚ್ಚಿನವರ ಪಟ್ಟಿ ಹುಟ್ಟುವುದು ಹಿಮಾಲಯದ ಕಣಿವೆಯಲ್ಲೋ ಪಶ್ಚಿಮ ಘಟ್ಟದ ತಿರುವುಗಳಲ್ಲೋ ಚಿತ್ರಿಸಿದ ವಿಡಿಯೊಗಳಿಂದ. ನಮ್ಮ ನೆಲ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ಸಾಮಾನ್ಯ. ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸುವಷ್ಟು ಬಿಸಿಲು. ಸೇಡಂ, ವಾಡಿ ಕಡೆಯ ರಸ್ತೆಗಳಲ್ಲಿ ಸಿಮೆಂಟ್ ಲಾರಿಗಳು ಎಬ್ಬಿಸುವ ಬಿಳಿ ದೂಳು. ಮಳೆಗಾಲದಲ್ಲಿ ಕಾಲು ಕೀಳಲೂ ಬಿಡದ ಎರೆ ಮಣ್ಣು. ಚಳಿಗಾಲದ ರಾತ್ರಿಗಳಲ್ಲಿ ಹಿಂದಿನ ದೀಪವಿಲ್ಲದೆ ತೆವಳುವ ಕಬ್ಬಿನ ಟ್ರ್ಯಾಕ್ಟರ್‌ಗಳು. ಬಳಿದ ಬಣ್ಣ ಮಾಸಿದ, ಹತ್ತಿರ ಬರುವತನಕ ಕಾಣಿಸದ ರಸ್ತೆ ಉಬ್ಬುಗಳು. ಈ ಐದನ್ನು ಎದುರಿಗಿಟ್ಟುಕೊಂಡು ಪಟ್ಟಿ ಬರೆದರೆ ಅದರ ಕ್ರಮವೇ ತಲೆಕೆಳಗಾಗುತ್ತದೆ. ಟೈರ್, ಬ್ರೇಕ್, ಬೆಳಕು, ಹೆಲ್ಮೆಟ್ ಮೇಲೆ ಬರುತ್ತವೆ. ಸೈಲೆನ್ಸರ್ ಪಟ್ಟಿಯಿಂದಲೇ ಹೊರಗೆ ಹೋಗುತ್ತದೆ.

ಟೈರಿನಿಂದ ಆರಂಭಿಸುತ್ತೇನೆ, ಏಕೆಂದರೆ ಇಷ್ಟು ಹಣ ಕೊಟ್ಟು ಇಷ್ಟು ಕಡಿಮೆ ವಿಚಾರಿಸಿ ಕೊಳ್ಳುವ ವಸ್ತು ಬೈಕಿನಲ್ಲಿ ಇನ್ನೊಂದಿಲ್ಲ. ಅಂಗಡಿಯವನು ಟೈರ್ ತಂದು ಮುಂದಿಟ್ಟಾಗ ಅದರ ಪಕ್ಕದ ಗೋಡೆಯ ಮೇಲೆ ಕೈಯಾಡಿಸಿ. ಅಚ್ಚೊತ್ತಿದ ನಾಲ್ಕು ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. 3525 ಎಂದಿದ್ದರೆ ಅದು 2025ರ 35ನೇ ವಾರದಲ್ಲಿ ತಯಾರಾದ ಟೈರ್. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಬಳಸದೆ ಇಟ್ಟ ರಬ್ಬರ್ ಕೂಡ ವಯಸ್ಸಾಗಿ ಗಡಸಾಗುತ್ತದೆ, ಅದರಲ್ಲೂ ತಗಡಿನ ಛಾವಣಿಯ ಕೆಳಗೆ ಎರಡು ಮೂರು ಬೇಸಿಗೆ ಕಳೆದ ಟೈರಿನ ಮೇಲೆ ನಂಬಿಕೆ ಇಡುವಂತಿಲ್ಲ. ರಿಯಾಯಿತಿ ಎಂದು ಕೊಡುವ ಸರಕಿನಲ್ಲಿ ಹಳೆಯ ಸಂಖ್ಯೆ ಕಂಡರೆ ಬೇರೆಯದನ್ನು ತೋರಿಸಲು ಹೇಳಿ.

ಅಗಲದ ಟೈರ್ ಹಾಕಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಊರೆಲ್ಲ ಇದೆ. ರಿಮ್ಮಿನ ಅಗಲ ಬದಲಾಗದೆ ಟೈರಿನ ಅಗಲ ಮಾತ್ರ ಹೆಚ್ಚಿದರೆ ಎರಡೂ ಅಂಚು ಒಳಕ್ಕೆ ಚಿವುಟಿದಂತಾಗಿ ಟೈರಿನ ದುಂಡು ಆಕಾರ ಕೆಡುತ್ತದೆ. ನೇರ ಹೋಗುವಾಗ ಗೊತ್ತಾಗುವುದಿಲ್ಲ, ತಿರುವಿನಲ್ಲಿ ಬೈಕ್ ವಾಲಿದಾಗ ರಸ್ತೆಗೆ ತಾಗಬೇಕಾದ ಭಾಗ ಸರಿಯಾಗಿ ತಾಗುವುದಿಲ್ಲ. ಚೈನ್ ಕವರ್‌ಗೋ ಮಡ್‌ಗಾರ್ಡ್‌ಗೋ ಉಜ್ಜುವ ಸಾಧ್ಯತೆ ಬೇರೆ. ಬೈಕಿನ ಕೈಪಿಡಿಯಲ್ಲಿ ಹೇಳಿದ ಅಳತೆ, ಭಾರದ ಸೂಚ್ಯಂಕ (ಟೈರ್ ಹೊರಬಲ್ಲ ತೂಕ), ವೇಗದ ಗುರುತು (ಅದು ತಾಳುವ ವೇಗ) ಇವುಗಳಿಗೆ ಹೊಂದುವ ಒಳ್ಳೆಯ ಕಂಪನಿಯ ಟೈರ್ ಕೊಂಡರೆ ಸಾಕು.

ಎರೆ ಮಣ್ಣಿನ ಮಾತು ಬೇರೆಯೇ. ಜೇವರ್ಗಿ, ಅಫಜಲಪುರ, ಶಹಾಪುರ ಕಡೆ ಮಳೆ ಬಿದ್ದ ಮರುದಿನ ಹೊಲದ ದಾರಿಗೆ ಇಳಿದವರಿಗೆ ಇದು ಗೊತ್ತು. ಮಣ್ಣು ಟೈರಿಗೆ ಅಂಟುತ್ತದೆ, ಸುತ್ತು ಸುತ್ತಿಗೂ ದಪ್ಪವಾಗುತ್ತದೆ, ಮುಂದಿನ ಮಡ್‌ಗಾರ್ಡ್ ಮತ್ತು ಟೈರಿನ ನಡುವಿನ ಬೆರಳಗಲದ ಸಂದಿಯಲ್ಲಿ ತುಂಬಿ ಕೊನೆಗೆ ಗಾಲಿಯೇ ತಿರುಗದಂತೆ ಹಿಡಿದುಬಿಡುತ್ತದೆ. ಆಗ ಮಣ್ಣಿನ ದಾರಿಗೆಂದೇ ಮಾಡಿದ, ಎಂಥ ಉಬ್ಬು ಕಟ್ಟೆಗಳ ದುಬಾರಿ ಟೈರ್ ಇದ್ದರೂ ಉಪಯೋಗವಿಲ್ಲ. ಕಡ್ಡಿಯಿಂದ ಮಣ್ಣು ಕೆರೆದು ತೆಗೆಯುವುದೊಂದೇ ದಾರಿ. ಇಲ್ಲಿ ತೊಂದರೆ ಇರುವುದು ಟೈರಿನಲ್ಲಲ್ಲ, ಸಂದಿಯಲ್ಲಿ. ದಿನವೂ ಹೊಲಕ್ಕೆ ಹೋಗಿ ಬರುವವರು ಹೊಸ ಬೈಕ್ ಕೊಳ್ಳುವಾಗ ಮುಂದಿನ ಮಡ್‌ಗಾರ್ಡ್ ಎತ್ತರಕ್ಕಿರುವ ಮಾದರಿಗಳತ್ತ ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ತಿಂಗಳಲ್ಲಿ ಒಂದೆರಡು ಬಾರಿ ಮಣ್ಣಿನ ದಾರಿ ತುಳಿಯುವವರು ಉಬ್ಬು ಕಟ್ಟೆಗಳ ಟೈರ್ ಹಾಕಿಸಿಕೊಂಡರೆ ಉಳಿದ ದಿನಗಳಲ್ಲಿ ನಷ್ಟವೇ ಹೆಚ್ಚು. ಒದ್ದೆ ಡಾಂಬರಿನ ಮೇಲೆ ಆ ಟೈರಿನ ಹಿಡಿತ ಕಡಿಮೆ, ಸವೆತ ಬೇಗ.

ಬೇಸಿಗೆಯಲ್ಲಿ ಟೈರ್ ಸಿಡಿಯುತ್ತದೆಂದು ಗಾಳಿ ಕಡಿಮೆ ಮಾಡಿಸುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಗಾಳಿ ಕಡಿಮೆ ಇರುವ ಟೈರ್ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ, ಮಡಚಿಕೊಂಡಷ್ಟೂ ಒಳಗೆ ಕಾಯುತ್ತದೆ. ಸಿಡಿಯುವ ಅಪಾಯ ಹೆಚ್ಚುವುದು ಹೀಗೆ. ಬೆಳಿಗ್ಗೆ ಬೈಕ್ ಓಡಿಸುವ ಮುನ್ನ, ಟೈರ್ ತಣ್ಣಗಿರುವಾಗ, ಕಂಪನಿ ಹೇಳಿದಷ್ಟು ಗಾಳಿ ತುಂಬಿಸಬೇಕು. ಇಬ್ಬರು ಕೂರುವಾಗ ಎಷ್ಟಿರಬೇಕೆಂಬ ಬೇರೆ ಅಳತೆಯೂ ಕೈಪಿಡಿಯಲ್ಲಿರುತ್ತದೆ. ರಸ್ತೆ ಬದಿಯ ಜಾಲಿ ಮುಳ್ಳಿಗೆ ಪಂಕ್ಚರ್ ಆಗುವುದು ನಮ್ಮಲ್ಲಿ ನಿತ್ಯದ ಮಾತಾದ್ದರಿಂದ ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಕಿಟ್ ಮತ್ತು ಗಾಳಿ ತುಂಬುವ ಸಣ್ಣ ಪಂಪ್ ಸೀಟಿನ ಕೆಳಗಿರಲಿ. ಸನ್ನತಿಗೋ ಚಿಂಚೋಳಿ ಕಾಡಿನ ಕಡೆಗೋ ಹೊರಟವರಿಗೆ ಫಾಗ್ ಲ್ಯಾಂಪಿಗಿಂತ ಇದೇ ಮುಖ್ಯ.

ಬ್ರೇಕಿನ ಬಗ್ಗೆ ಈಗ ಎಲ್ಲರೂ ಕೇಳುವ ಪ್ರಶ್ನೆ ಎಬಿಎಸ್ ಕುರಿತದ್ದು. 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಗಾಲಿಗಳ ಬ್ರೇಕ್ ಒಟ್ಟಿಗೆ ಕೆಲಸ ಮಾಡುವ ಸಿಬಿಎಸ್ ಎಂಬ ನಿಯಮ 2019ರ ಏಪ್ರಿಲ್‌ನಿಂದಲೇ ಇದೆ. ಚಿಕ್ಕ ಬೈಕುಗಳಿಗೂ ಎಬಿಎಸ್ ಕಡ್ಡಾಯ ಮಾಡುವ, ಮಾರಾಟದ ವೇಳೆ ಎರಡು ಹೆಲ್ಮೆಟ್ ಕೊಡಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರ ಜೂನ್‌ನಲ್ಲಿ ಹೊರಡಿಸಿತು. ಕರಡಿನಲ್ಲಿ 2026ರ ಜನವರಿ 1ರ ದಿನಾಂಕ ಇತ್ತು. ಕರಡು ಎಂದರೆ ಪ್ರಸ್ತಾವ, ಅಷ್ಟೇ. ಅದು ಜಾರಿಗೆ ಬಂದರೂ ಆಮೇಲೆ ತಯಾರಾಗುವ ವಾಹನಗಳಿಗೆ ಮಾತ್ರ ಅನ್ವಯ, ನಿಮ್ಮ ಮನೆಯ ಮುಂದಿರುವ ಬೈಕಿಗಲ್ಲ. ಹಳೆಯ ಬೈಕಿಗೆ ಎಬಿಎಸ್ ಕೂಡಿಸಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಗಾಲಿಯ ವೇಗ ಅಳೆಯುವ ಸಂವೇದಕ, ಒತ್ತಡ ನಿಯಂತ್ರಿಸುವ ಘಟಕ, ಅದರ ಲೆಕ್ಕಾಚಾರ, ಇವೆಲ್ಲ ಆಯಾ ಬೈಕಿಗೆ ಹೊಂದಿಸಿ ಕಾರ್ಖಾನೆಯಲ್ಲಿ ಆಗುವ ಕೆಲಸ. ಇರುವ ಬೈಕಿಗೆ ಮಾಡಬಹುದಾದದ್ದು ಸರಳ: ಕಂಪನಿಯದೇ ಬ್ರೇಕ್ ಪ್ಯಾಡ್, ಸವೆದ ಬ್ರೇಕ್ ಶೂ ಬದಲಾವಣೆ, ಎರಡು ವರ್ಷಕ್ಕೊಮ್ಮೆ ಹೊಸ ಬ್ರೇಕ್ ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಯವರೆಗೂ ಇಳಿಯಬಹುದು. ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಕಟ್ಟಿದರೆ ಬ್ರೇಕ್ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬರುತ್ತದೆ, ಬೈಕ್ ನಿಲ್ಲುವುದಿಲ್ಲ.

ಬೆಳಕಿನ ಬಗ್ಗೆ ಮಾತ್ರ ನಿಧಾನವಾಗಿ ಮಾತನಾಡಬೇಕು. ಕಬ್ಬು ನುರಿಯುವ ಹಂಗಾಮಿನಲ್ಲಿ ಆಳಂದ, ಅಫಜಲಪುರ, ಹುಮನಾಬಾದ್, ಭಾಲ್ಕಿ ರಸ್ತೆಗಳಲ್ಲಿ ರಾತ್ರಿ ಸಂಚರಿಸುವವರಿಗೆ ಎರಡು ಟ್ರೇಲರ್ ಎಳೆಯುತ್ತ ಹೋಗುವ ಟ್ರ್ಯಾಕ್ಟರ್ ಹತ್ತಿರ ಬರುವತನಕ ಕಾಣುವುದಿಲ್ಲ. ಹಾಗಾಗಿ ಹೆಚ್ಚಿನ ಬೆಳಕು ಬೇಕೆನ್ನುವುದು ನ್ಯಾಯವಾದ ಬೇಡಿಕೆ. ಆದರೆ ಅದನ್ನು ಪೂರೈಸಿಕೊಳ್ಳುವ ರೀತಿ ಎದುರಿನವರ ಜೀವಕ್ಕೆ ಕುತ್ತಾಗುತ್ತಿದೆ. ಹ್ಯಾಲೊಜನ್ ಬಲ್ಬಿಗಾಗಿ ರೂಪಿಸಿದ ಹೆಡ್‌ಲೈಟಿನ ಒಳಗಿನ ಕನ್ನಡಿ, ಬಲ್ಬಿನ ತಂತಿ ಉರಿಯುವ ಒಂದು ನಿರ್ದಿಷ್ಟ ಬಿಂದುವನ್ನು ನಂಬಿಕೊಂಡಿರುತ್ತದೆ. ಅಲ್ಲಿ ಅಗ್ಗದ ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ ಬೆಳಕು ಹುಟ್ಟುವ ಜಾಗ ಬದಲಾಗಿ, ರಸ್ತೆಗೆ ಬೀಳಬೇಕಾದದ್ದು ಮರದ ತುದಿಗೂ ಎದುರಿನವರ ಕಣ್ಣಿಗೂ ಚದುರುತ್ತದೆ. ಸವಾರನಿಗೆ ಹತ್ತಿರದ ನೆಲ ಬೆಳ್ಳಗೆ ಕಾಣುವುದರಿಂದ ಬೆಳಕು ಹೆಚ್ಚಾಯಿತೆಂಬ ಭ್ರಮೆ ಬರುತ್ತದೆ, ದೂರದ ಟ್ರೇಲರ್ ಮಾತ್ರ ಮೊದಲಿಗಿಂತ ಮಬ್ಬು. 35 ವ್ಯಾಟ್‌ನ ಜಾಗಕ್ಕೆ 90 ಅಥವಾ 100 ವ್ಯಾಟ್ ಬಲ್ಬ್ ಹಾಕಿಸುವುದು ಇನ್ನೂ ಕೆಟ್ಟದು, ಹೋಲ್ಡರ್ ಕರಗುತ್ತದೆ, ವೈರಿಂಗ್ ಸುಡುತ್ತದೆ.

ಹಣ ಖರ್ಚಿಲ್ಲದ ಒಂದು ಕೆಲಸವನ್ನು ಮೊದಲು ಮಾಡಿ ನೋಡಿ. ಸಂಜೆ ಸಮತಟ್ಟಾದ ನೆಲದಲ್ಲಿ ಗೋಡೆಯಿಂದ ಐದು ಮೀಟರ್ ದೂರಕ್ಕೆ ಬೈಕ್ ನಿಲ್ಲಿಸಿ, ಸವಾರ ಕುಳಿತು ಬೈಕನ್ನು ನೇರವಾಗಿ ಹಿಡಿದಿರಲಿ, ಇನ್ನೊಬ್ಬರು ಹೆಡ್‌ಲೈಟಿನ ಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಲಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ ತುಸು ಕೆಳಗಿರಬೇಕು. ಎಷ್ಟೋ ಬೈಕುಗಳಲ್ಲಿ ಅದು ಗೆರೆ ದಾಟಿ ಮೇಲಿರುತ್ತದೆ ಅಥವಾ ನೆಲಕ್ಕೆ ಬಿದ್ದಿರುತ್ತದೆ. ಹೆಡ್‌ಲೈಟಿನ ಹಿಂದಿನ ಒಂದು ಸ್ಕ್ರೂ ತಿರುಗಿಸಿದರೆ ಸರಿಯಾಗುತ್ತದೆ. ದೂಳು ಕೂತ ಗಾಜನ್ನು ಒರೆಸಿದರೆ ಇನ್ನಷ್ಟು.

ಅದಾದ ಮೇಲೂ ಹೆಚ್ಚುವರಿ ದೀಪ ಬೇಕೆನಿಸಿದರೆ ಕರೆಂಟಿನ ಲೆಕ್ಕ ಮಾಡಿ. 20 ವ್ಯಾಟ್‌ನ ಎರಡು ಎಲ್‌ಇಡಿ ದೀಪ ಎಂದರೆ 40 ವ್ಯಾಟ್, 12 ವೋಲ್ಟ್‌ಗೆ ಸುಮಾರು 3.3 ಆಂಪಿಯರ್. 55 ವ್ಯಾಟ್‌ನ ಎರಡು ಹ್ಯಾಲೊಜನ್ ಹಾಕಿದರೆ ಒಂಬತ್ತು ಆಂಪಿಯರ್ ದಾಟುತ್ತದೆ, ಸಣ್ಣ ಬೈಕಿನ ಚಾರ್ಜಿಂಗ್ ವ್ಯವಸ್ಥೆ ಅಷ್ಟನ್ನು ತೂಗಲಾರದೆ ಬ್ಯಾಟರಿ ಬರಿದಾಗುತ್ತದೆ. ದೀಪದ ಗುಣಕ್ಕಿಂತ ಅದನ್ನು ಜೋಡಿಸುವ ಕೈ ಮುಖ್ಯ. ಸೀಟ್ ಎತ್ತಿ ನೋಡಿ: ಕಂಪನಿಯ ವೈರನ್ನು ಬ್ಲೇಡಿನಿಂದ ಸುಲಿದು, ಹೊಸ ವೈರನ್ನು ಸುತ್ತಿ, ಮೇಲೆ ಕಪ್ಪು ಟೇಪ್ ಅಂಟಿಸಿದ್ದರೆ ಆ ಟೇಪ್ ಮೇ ತಿಂಗಳ ಬಿಸಿಲಿಗೆ ಅಂಟು ಬಿಡುತ್ತದೆ, ಜೂನ್ ತಿಂಗಳ ಮಳೆಗೆ ತಂತಿ ಹಸಿರುಗಟ್ಟುತ್ತದೆ. ಬ್ಯಾಟರಿಯಿಂದ ಪ್ರತ್ಯೇಕ ವೈರ್, ಬ್ಯಾಟರಿಯ ಹತ್ತಿರದಲ್ಲೇ 5 ಆಂಪಿಯರ್ ಫ್ಯೂಸ್, ಇಗ್ನಿಷನ್ ಆನ್ ಇದ್ದಾಗ ಮಾತ್ರ ದೀಪಕ್ಕೆ ಕರೆಂಟ್ ಬಿಡುವ ರಿಲೇ ಎಂಬ ಸ್ವಿಚ್, ವೈರ್ ಕೂಡಿಸಲು ನೀರು ಒಳಸೇರದ ಕಪ್ಲರ್, ಇಷ್ಟನ್ನು ಕೇಳಿ ಮಾಡಿಸಿಕೊಳ್ಳಿ. ಮೆಕ್ಯಾನಿಕ್ ‘ಬೇಡ ಅಣ್ಣ, ಹಾಗೇ ನಡೆಯುತ್ತದೆ’ ಎಂದರೆ ಬೇರೆ ಮೆಕ್ಯಾನಿಕ್ ಹತ್ತಿರ ಹೋಗಿ. ವೈರ್ ಕತ್ತರಿಸಿದ ಗುರುತು ಕಂಡರೆ ವಾರಂಟಿ ತಿರಸ್ಕರಿಸಲು ಸರ್ವಿಸ್ ಸೆಂಟರಿಗೆ ಅದೇ ಕಾರಣ ಸಾಕು. ಊರೊಳಗೆ ಬಂದ ತಕ್ಷಣ ಈ ದೀಪಗಳನ್ನು ಆರಿಸಬೇಕೆಂಬುದನ್ನೂ ಸೇರಿಸುತ್ತೇನೆ.

ಸೈಲೆನ್ಸರ್ ಏಕೆ ಪಟ್ಟಿಯಿಂದ ಹೊರಗೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರ ತಯಾರಕರು ನೀಡಿದ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ನಿಯಮ ಮೀರಿ ಮಾರ್ಪಡಿಸಿದ ಮಾಲೀಕರಿಗೆ 182ಎ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಕರ್ಕಶ ಸದ್ದು ಮತ್ತು ಹೊಗೆಗೆ 190(2) ಸೆಕ್ಷನ್ ಪ್ರತ್ಯೇಕವಾಗಿದೆ, ಅದರಲ್ಲಿ ದಂಡ 10,000 ರೂಪಾಯಿವರೆಗೆ ಏರಬಹುದು, ಚಾಲನಾ ಪರವಾನಗಿಯೂ ಮೂರು ತಿಂಗಳು ಅಮಾನತಾಗುತ್ತದೆ. ತಾಂತ್ರಿಕವಾಗಿಯೂ ಲಾಭವಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಮಾನದಂಡ) ಬೈಕುಗಳಲ್ಲಿ ಹೊಗೆ ಶುದ್ಧಿ ಮಾಡುವ ಘಟಕ ಸೈಲೆನ್ಸರ್ ವ್ಯವಸ್ಥೆಯಲ್ಲೇ ಇರುತ್ತದೆ, ಹೊಗೆಯಲ್ಲಿನ ಆಮ್ಲಜನಕ ನೋಡಿ ಎಂಜಿನ್ ಪೆಟ್ರೋಲಿನ ಪ್ರಮಾಣ ನಿರ್ಧರಿಸುತ್ತದೆ. ಅದನ್ನು ಕಿತ್ತರೆ ಲೆಕ್ಕ ತಪ್ಪಿ ಮೈಲೇಜ್ ಕೆಡುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರು, ಪರೀಕ್ಷೆಗೆ ಓದುವ ಮಕ್ಕಳು ಇರುವ ಬೀದಿಯಲ್ಲಿ ಆ ಸದ್ದನ್ನು ಸಮರ್ಥಿಸಲು ನನಗೆ ಒಂದು ಕಾರಣವೂ ತೋಚುವುದಿಲ್ಲ.

ತೆಗೆದುಹಾಕುವುದೂ ಮಾರ್ಪಾಡೇ. ಬೈಕ್ ಚುರುಕಾಗಿ ಕಾಣಲೆಂದು ಹುಡುಗರು ಮೊದಲು ಬಿಚ್ಚುವುದು ಕನ್ನಡಿ, ಆಮೇಲೆ ಸೀರೆ ಗಾರ್ಡ್. ಹಿಂದಿನ ಗಾಲಿಯ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ ಮತ್ತು ಹಿಂಬದಿ ಸವಾರರಿಗೆ ಹಿಡಿಕೆ, ಕಾಲೂರಲು ಆಸರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅದೇ ಬೈಕಿನಲ್ಲಿ ಅಮ್ಮನನ್ನು ಗಾಣಗಾಪುರಕ್ಕೋ ಶರಣಬಸವೇಶ್ವರರ ಜಾತ್ರೆಗೋ ಕರೆದುಕೊಂಡು ಹೋಗುವಾಗ ಸೆರಗು ಗಾಲಿಗೆ ಸಿಕ್ಕಿ ಆಗುವ ಅನಾಹುತ ಊರೂರಲ್ಲಿ ನಡೆದಿದೆ. ಬಿಚ್ಚಿ ಅಟ್ಟಕ್ಕೆಸೆದ ಸೀರೆ ಗಾರ್ಡನ್ನು ಮತ್ತೆ ಹಾಕಿಸುವುದು 2026ರ ಪಟ್ಟಿಯ ಅತಿ ಅಗ್ಗದ ಸುಧಾರಣೆ.

ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥೆನಾಲ್ ಕಬ್ಬಿನಿಂದಲೂ ತಯಾರಾಗುವುದರಿಂದ ನಮ್ಮ ಭಾಗದ ಬೆಳೆಗೂ ಇದರೊಂದಿಗೆ ಸಂಬಂಧವಿದೆ, ಹಾಗಾಗಿ ಇದನ್ನು ಶಪಿಸಿ ಕೂರುವುದಕ್ಕಿಂತ ಬೈಕನ್ನು ಹೊಂದಿಸಿಕೊಳ್ಳುವುದು ಒಳಿತು. ಹಳೆಯ ಇಂಧನಕ್ಕೆ ರೂಪಿಸಿದ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ 3ರಿಂದ 4ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ಮಾರ್ಗಸೂಚಿಯೇ ಅಂದಾಜಿಸಿತ್ತು. 2023ರ ಏಪ್ರಿಲ್ ನಂತರದ ಬೈಕುಗಳ ಬಿಡಿಭಾಗಗಳು ಈ ಇಂಧನವನ್ನು ತಾಳಿಕೊಳ್ಳುವಂತೆಯೇ ಬಂದಿವೆ. ಕಾರ್ಬ್ಯುರೇಟರ್ ಕಾಲದ ಬೈಕ್ ಇಟ್ಟುಕೊಂಡವರು ಪೆಟ್ರೋಲ್ ಪೈಪ್, ಕಾರ್ಬ್ಯುರೇಟರ್ ಒಳಗಿನ ರಬ್ಬರ್ ಉಂಗುರಗಳನ್ನು ಈ ವರ್ಷ ಪರೀಕ್ಷಿಸಿ, ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಎಥೆನಾಲ್ ನೀರನ್ನು ಸೆಳೆಯುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಹಳೆಯ ಬೈಕಿನ ಟ್ಯಾಂಕಿನಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಟ್ಯಾಂಕಿಗೆ ಸುರಿಯುವ ಬಣ್ಣ ಬಣ್ಣದ ಬಾಟಲಿಗಳ ಬದಲು ಆ ಹಣದಲ್ಲಿ ಏರ್ ಫಿಲ್ಟರ್ ಕೊಳ್ಳಿ. ಸಿಮೆಂಟ್ ದೂಳಿನ ರಸ್ತೆಯಲ್ಲಿ ಓಡುವ ಬೈಕಿಗೆ ಕೈಪಿಡಿಯ ಅವಧಿಗಿಂತ ಮೊದಲೇ ಅದನ್ನು ಬದಲಿಸಬೇಕಾಗುತ್ತದೆ.

ಮೊಬೈಲ್ ಹೋಲ್ಡರ್ ಕೊಳ್ಳುವವರು ಕಂಪನ ತಡೆಯುವ ಮಾದರಿಯನ್ನೇ ಕೊಳ್ಳಿ. ಬೈಕ್ ಎಂಜಿನ್ನಿನ ನಡುಕ ಫೋನಿನ ಕ್ಯಾಮೆರಾವನ್ನು ಕೆಡಿಸಬಹುದೆಂದು ಆ್ಯಪಲ್ ಕಂಪನಿ 2021ರಲ್ಲೇ ಎಚ್ಚರಿಸಿದೆ. ಟಾಪ್ ಬಾಕ್ಸಿಗೆ ಭಾರದ ವಸ್ತು ತುಂಬಬೇಡಿ, ಹಿಂದೆ ಎತ್ತರದಲ್ಲಿ ಕೂತ ತೂಕ ಹ್ಯಾಂಡಲನ್ನು ಅಲುಗಿಸುತ್ತದೆ. ಜಾಕೆಟ್ ಕೊಳ್ಳುವುದಾದರೆ ಗಾಳಿಯಾಡುವ ಜಾಲರಿ ಬಟ್ಟೆಯದು ಬೇಕು. ದಪ್ಪನೆಯ ಜಾಕೆಟ್ ಇಲ್ಲಿ ಮಾರ್ಚ್‌ಗೇ ಗೋಡೆಯ ಮೊಳೆ ಸೇರುತ್ತದೆ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಆ ಲೆಕ್ಕದೊಳಗೆ 14,337 ಮಂದಿ ಹಿಂದೆ ಕುಳಿತವರು. ಹ್ಯಾಂಡಲ್ ಹಿಡಿದವನಿಗೆ ಆರು ಸಾವಿರದ ಹೆಲ್ಮೆಟ್, ಹಿಂದೆ ಕುಳಿತ ಹೆಂಡತಿಗೆ ದುಪಟ್ಟಾ ಎಂಬ ದೃಶ್ಯವನ್ನು ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಯಾವ ಸಂಜೆ ನಿಂತರೂ ನೋಡಬಹುದು. ರಾಜ್ಯದಲ್ಲಿ 2016ರ ಜನವರಿಯಿಂದಲೇ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಪಟ್ಟಿ ಮತ್ತು ಅಳತೆಗೆ ಸರಿಯಾದ ಹೆಲ್ಮೆಟ್ ಇರಬೇಕು, ಮಗು ಜೊತೆಗಿದ್ದಾಗ ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಆರು ಸಾವಿರದ ಒಂದರ ಬದಲು ಮೂರು ಸಾವಿರದ ಎರಡು ಐಎಸ್ಐ ಗುರುತಿನ ಹೆಲ್ಮೆಟ್ ಕೊಳ್ಳಿ. ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಪದರ ಕುಗ್ಗಿರುತ್ತದೆ, ಅದನ್ನು ಮತ್ತೆ ಧರಿಸಬಾರದು. ಕಪ್ಪು ಗಾಜು ಹಗಲಿಗೆ ಸರಿ, ಕಬ್ಬಿನ ಟ್ರ್ಯಾಕ್ಟರ್‌ಗಳ ರಾತ್ರಿಗಲ್ಲ.

ಇನ್ನು ಯಾವಾಗ ಕೊಳ್ಳುವುದು ಎಂಬ ಪ್ರಶ್ನೆ. ಎಲ್ಲವನ್ನೂ ಜನವರಿಯಲ್ಲೇ ಹಾಕಿಸಬೇಕಿಲ್ಲ. ಹೆಲ್ಮೆಟ್, ಹೆಡ್‌ಲೈಟ್ ಹೊಂದಾಣಿಕೆ, ಹೆಚ್ಚುವರಿ ದೀಪ ಈಗಲೇ ಆಗಲಿ, ಕಬ್ಬಿನ ಹಂಗಾಮು ನಡೆಯುತ್ತಿದೆ. ಬ್ರೇಕ್ ಆಯಿಲ್, ಬ್ಯಾಟರಿ ಪರೀಕ್ಷೆ, ಏರ್ ಫಿಲ್ಟರ್ ಮಾರ್ಚ್ ಒಳಗೆ. ಟೈರನ್ನು ಮೇ ಕೊನೆಯವರೆಗೂ ತಡೆದರೆ ನಡೆಯುತ್ತದೆ, ಸವೆತದ ಗುರುತು ಕಾಣದಿದ್ದರೆ ಮಾತ್ರ. ಬಿಸಿಲಿಗೆ ಹಳೆಯದು ಸವೆಯಲಿ, ಮಳೆಗೆ ಹೊಸದು ಸಿಗಲಿ. ವಿಮೆ ನವೀಕರಣದ ದಿನಾಂಕವನ್ನೂ ನೋಡಿಕೊಳ್ಳಿ. ಲೆಗ್ ಗಾರ್ಡ್, ಬಾಕ್ಸ್, ದೀಪಗಳನ್ನು ಪಾಲಿಸಿಯಲ್ಲಿ ವಿದ್ಯುತ್ ಮತ್ತು ವಿದ್ಯುತ್ತೇತರ ಪರಿಕರಗಳೆಂದು ಬೆಲೆಸಹಿತ ಬರೆಸಬಹುದು. ಅದಕ್ಕೆ ಅಂಗಡಿಯ ಜಿಎಸ್‌ಟಿ ಬಿಲ್ ಬೇಕು. ಬಿಲ್ ಇಲ್ಲದೆ ಇನ್ನೂರು ರೂಪಾಯಿ ಕಡಿಮೆಗೆ ಕೊಡುತ್ತೇನೆ ಎನ್ನುವವರ ಹತ್ತಿರ ಕೊಂಡ ವಸ್ತು ಅಪಘಾತದಲ್ಲಿ ಮುರಿದರೆ ಅದರ ಪರಿಹಾರವನ್ನು ಯಾರಲ್ಲೂ ಕೇಳಲು ಬರುವುದಿಲ್ಲ.